ಸುಳಿ ಸರಿಯಿಲ್ಲದ ಕುದುರೆ

ಹೆರಿಗೆ ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಬರುವಾಗ, ಪುಣೆ ರೇಸ್‌ಕೋರ್ಸ್ ಹತ್ತಿರ ಮಳೆಗೆ ನೆಂದ ಕುದುರೆಗಳ ವಾಸನೆ ರಿಕ್ಷಾದೊಳಗೆ ನುಗ್ಗಿತು. ಜೊತೆಗೆ ಹಳೇ ಸಿಟ್ಟೂ ಬಂತು.

ಅಪ್ಪ ಊರಲ್ಲಿ ಸುಳಿ ನೋಡಿ ಎತ್ತು ಆರಿಸುತ್ತಿದ್ದವರು. ಇಲ್ಲಿ ರೇಸಿನ ಕುದುರೆಗಳನ್ನೂ ಹಾಗೇ ಅಳೆಯುತ್ತಿದ್ದರು. ಓಟಕ್ಕೆ ಮೊದಲು ಅವನ್ನು ಸುತ್ತು ಹಾಕಿಸುವಾಗ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರೀ ಹಣೆಯ ಸುಳಿ ನೋಡುತ್ತಿದ್ದರು. ಒಂದು ಸೀಸನ್ನಿನಲ್ಲಿ ಕಂದು ಕುದುರೆಯೊಂದು ಗೆಲ್ಲುತ್ತಲೇ ಹೋಯಿತು.

"ಮತ್ತ ಅದ ಗೆದ್ತಲ್ಲಪಾ!"

"ಸುಳಿ ಛಲೋ ಇಲ್ಲವ್ವ. ಮುಂದಿನ ಸಲ ಸೋಲ್ತದ."

ಸೀಸನ್ ಮುಗಿದರೂ ಅದು ಸೋಲಲಿಲ್ಲ, ಅಪ್ಪ ಒಪ್ಪಲೂ ಇಲ್ಲ. ನನ್ನ ನೆತ್ತಿಯಲ್ಲಿ ಎರಡು ಸುಳಿ. ಅದೂ ಛಲೋ ಅಲ್ಲವಂತೆ. ನಾನು ಕ್ಲಾಸಿಗೇ ಫಸ್ಟ್ ಬಂದಾಗಲೂ "ಮುಂದ ನೋಡೂಣು" ಅಂದಿದ್ದರು.

ಮನೆಗೆ ಬಂದು ಮೊಮ್ಮಗಳನ್ನು ಅವರ ತೊಡೆ ಮೇಲೆ ಮಲಗಿಸಿದೆ. ಮುಖ ನೋಡುವ ಮೊದಲೇ ಕುಲಾವಿ ಬಿಚ್ಚಿದರು.