ಮಾರುವವನ ಪಂಚೆ

ಪಟ್ಟನಾಯಕನಹಳ್ಳಿಯ ಒಂದು ಮನೆಯಂಗಳದಲ್ಲಿ ಹತ್ತು ವರ್ಷ ಹಳೆಯ ಬಿಳಿ ಕಾರಿನ ಅಡಿಯಿಂದ ತೆವಳಿ ಹೊರಬರುವಾಗ ಪಾಲಾಕ್ಷನ ಪ್ಯಾಂಟು ಸೈಲೆನ್ಸರಿಗೆ ಸಿಕ್ಕಿ ಹಿಂಭಾಗದಲ್ಲಿ ಪರ್ರೆಂದು ಹರಿಯಿತು. ಸೈಲೆನ್ಸರು ಸುಮ್ಮನಿತ್ತು, ಸುತ್ತ ನಿಂತವರು ಸುಮ್ಮನಿರಲಿಲ್ಲ.

"ನಗಬ್ಯಾಡ್ರೋ!" ಎಂದು ಗದರಿದವರು ಕಾರಿನ ಒಡೆಯ ಚಿರಂಜೀವಿಯ ತಾಯಿ ಓಬಳಮ್ಮ. "ಬಾರಪ್ಪ ಒಳಿಕ್ಕೆ. ನಮ್ ಹುಡ್ಗಂದು ಪಂಚೆ ಐತೆ, ಉಟ್ಕೊ."

ಪಂಚೆ ಕೊಟ್ಟರು, ಬಿಸಿ ಉಪ್ಪಿಟ್ಟು ತಿನ್ನಿಸಿದರು, ಹರಿದ ಪ್ಯಾಂಟು ಹಿಡಿದು ಜಗಲಿಯಲ್ಲಿ ತಾವೇ ಹೊಲಿಯಲು ಕೂತರು.

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟಿರುವ ಪಾಲಾಕ್ಷನನ್ನು ಜೊತೆಗೆ ಕರೆದುಕೊಳ್ಳದೆ ಆ ಕಡೆ ಯಾರೂ ಹಳೇ ಕಾರು ಕೊಳ್ಳುವುದಿಲ್ಲ. ಹೆಸರಿಗೆ ತಕ್ಕ ಹಣೆಗಣ್ಣು ಅವನದು. ಇಂಜಿನ್ ತಣ್ಣಗಿರುವಾಗಲೇ ಹೋಗಬೇಕು, ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನುತ್ತಾನೆ. ಒಂದೇ ಬಾಗಿಲಿಗೆ ಹೊಸ ಬಣ್ಣವಿದ್ದರೆ ಎಲ್ಲೋ ಗುದ್ದಿದೆ. ಎಲ್ಲಕ್ಕಿಂತ ಮುಖ್ಯ, ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಬೇಕು. ಸೀಟು ತೊಳೆಯುವವರಿಗೆ ಬೆಲ್ಟಿನ ಬಾಲ ನೆನಪಿರುವುದಿಲ್ಲ.

ಕೈ ತೊಳೆದು ಬಂದು ಬೆಲ್ಟು ಎಳೆದ. ಕೊನೆಯ ಗೇಣಿನಲ್ಲಿ ಕೆರೆಮಣ್ಣಿನ ಗೆರೆ. ಕಾರು ಎಲ್ಲೋ ಸೀಟಿನ ಮಟ್ಟಕ್ಕೆ ನೀರು ಕುಡಿದಿತ್ತು. ಇಂಥ ಗಾಡಿಯ ವೈರುಗಳು ಒಳಗೊಳಗೇ ಕೊಳೆತು, ಒಂದು ದಿನ ನಡುರಸ್ತೆಯಲ್ಲಿ ಕೈ ಕೊಡುತ್ತವೆ.

"ಹೆಂಗಿದೆ ಪಾಲಾಕ್ಷಣ್ಣ?" ಎಂದಳು ಕಾರು ಕೊಳ್ಳಲು ಬಂದಿದ್ದ ಲೋಹಿತಾ, ಹೈಸ್ಕೂಲಿನ ವಿಜ್ಞಾನದ ಮೇಡಂ. ಕಾಯಿಲೆಯ ತಾಯಿಯನ್ನು ಪ್ರತಿ ಶನಿವಾರ ಬಸ್ಸಿನಲ್ಲಿ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದು ಸಾಕಾಗಿತ್ತು ಅವಳಿಗೆ.

ಜಗಲಿಯಿಂದ ಓಬಳಮ್ಮ ಸೂಜಿಗೆ ದಾರ ಪೋಣಿಸುತ್ತ ಇತ್ತಲೇ ನೋಡುತ್ತಿದ್ದರು. ಅವರ ಮಗನ ಪಂಚೆ ಉಟ್ಟು, ಅವರ ಉಪ್ಪಿಟ್ಟು ತಿಂದು, ಅವರ ಅಂಗಳದಲ್ಲೇ ನಿಂತು ಅವರ ಗಾಡಿಯನ್ನು ಜರಿಯುವುದು ಹೇಗೆ?

"ಪರ್ವಾಗಿಲ್ಲ ಮೇಡಂ, ತಗಳಿ," ಎಂದುಬಿಟ್ಟ. ಬೆಲ್ಟು ಸರ್ರನೆ ಒಳಗೆ ಹೋಯಿತು, ಸತ್ಯದ ಸಮೇತ.

ಲೋಹಿತಾ ಕಾರು ಕೊಂಡಮೇಲೆ ಪಾಲಾಕ್ಷನಿಗೆ ನೆಮ್ಮದಿಯಿಲ್ಲ. ದಿನ ಬಿಟ್ಟು ದಿನ ಲೋಹಿತಾಳ ಮನೆ ಮುಂದೆ ಹಾಜರ್. ಒಂದು ದಿನ ವೈರು ಬದಲಿಸಿದ, ಇನ್ನೊಂದು ದಿನ ಬ್ಯಾಟರಿ ಉಜ್ಜಿದ. ದುಡ್ಡೆಂದರೆ ಕೈ ಮುಗಿದ. "ನಿನ್ನಂಥೋರು ಈಗ ಎಲ್ಲವ್ರೆ ಕಣಪ್ಪ," ಎಂದು ಲೋಹಿತಾಳ ತಾಯಿ ಚನ್ನಮಲ್ಲಮ್ಮ ಕಾಫಿ ಕೊಟ್ಟರೆ, ಅವನು ಲೋಟ ಬದಿಗಿಟ್ಟು ಮತ್ತೆ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದ.

ಮೂರನೆಯ ಶನಿವಾರ ತಾಯಿ ಮಗಳು ಆಸ್ಪತ್ರೆಗೆ ಹೊರಟಿದ್ದರು. ಚನ್ನಮಲ್ಲಮ್ಮ ನಡುಗುವ ಕೈಯಲ್ಲಿ ಆ ಬೆಲ್ಟನ್ನು ಎಳೆದು ಹಾಕಿಕೊಳ್ಳುವುದನ್ನು ಕಂಡದ್ದೇ ತಡ, ಪಾಲಾಕ್ಷ ಹೋಗಿ ಕಾರಿಗೆ ಅಡ್ಡ ನಿಂತ.

"ಇಳೀರಿ ಮೇಡಂ! ಈ ಗಾಡಿ ನೀರ್ನಾಗೆ ಮುಳುಗಿತ್ತು. ಅವತ್ತೇ ನಂಗೆ ಗೊತ್ತಾಗಿತ್ತು. ಅವ್ರ ಪಂಚೆ ಉಟ್ಕಂಡು ಬಾಯೇ ಬರ್ಲಿಲ್ಲ. ತಪ್ಪಾಯ್ತು."

ಲೋಹಿತಾ ಇಂಜಿನ್ ಆರಿಸಿದಳು.

ಚನ್ನಮಲ್ಲಮ್ಮ ಕಿಟಕಿಯಿಂದ ತಲೆ ಹಾಕಿದರು. "ಅಲ್ಲಲೇ, ಒಂದ್ ಪಂಚೆಗೋಸ್ಕರ ನನ್ನ ನೀರಿಗ್ ತಳ್ಬುಟ್ಯಲ್ಲೋ!"

ಪಾಲಾಕ್ಷನ ಕಣ್ಣಲ್ಲಿ ನೀರು ತುಂಬಿತು.

"ಆಯ್ತು ಬಿಡಿ," ಎಂದಳು ಲೋಹಿತಾ ಕೊನೆಗೆ. "ಈಗ ಈ ಗಾಡೀನ ನಾನೇನು ಮಾಡ್ಲಿ? ನೀವೇ ಹೇಳಿ ಪಾಲಾಕ್ಷಣ್ಣ."

ಅವನು ಕಣ್ಣೊರೆಸಿಕೊಂಡ.

"ಮಾರ್ಬುಡಿ ಮೇಡಂ. ತಗಳಾಕೆ ಬರೋರು ಹೆಂಗಿದ್ರೂ ನನ್ನೇ ಕರ್ಕಂಡು ಬತ್ತಾರೆ."