ದೇವಿಯ ಬಲಭುಜದ ಮೇಣ

ಹೋದ ವಾರ ನೀವಿಬ್ಬರೂ ಇತವಾರಿ ಪೇಟೆಯಿಂದ ಹಬ್ಬದ ಸಾಮಾನು ತಂದಿರಿ. ಚೀಲ ಬರಿದು ಮಾಡುವಾಗ ತಳದಲ್ಲಿ ಒಂದು ಸಣ್ಣ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಮೇಣ. ಕುಂಕುಮ ಹಣೆಯ ಮೇಲೆ ನಿಲ್ಲಲಿ ಎಂದು ನಮ್ಮ ಕಾಲದ ಹೆಂಗಸರು ಕೆಳಗೆ ಹಚ್ಚಿಕೊಳ್ಳುತ್ತಿದ್ದ ಜೇನುಮೇಣ. ನಿಮ್ಮ ಅಜ್ಜ ಹೋದ ಮೇಲೆ ನನಗೆ ಅದರ ಕೆಲಸ ಮುಗಿದಿದೆ. ಆದರೂ ಮೂಗಿನ ಹತ್ತಿರ ಹಿಡಿದೆ... ಹಿಡಿದ ಕೂಡಲೇ ಮೇಲಿನ ಮನೆ ಕಾಕು ಬಂದು ಎದುರಿಗೆ ನಿಂತಳು.

ಆಗ ‘ಅವರು’ ಎನ್ನುತ್ತಿದ್ದೆ. ಈಗ ‘ಅವಳು’ ಎನ್ನುತ್ತೇನೆ. ಇದನ್ನು ಯಾರೂ ತಿದ್ದಬೇಡಿ.

ನಿಮ್ಮ ಅಜ್ಜನಿಗೆ ಇಲ್ಲೇ ನಾಗಪುರದ ಹತ್ತಿರ ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ನೌಕರಿ. ಕಾಲನಿಯಲ್ಲಿ ಕೆಳಗಿನ ಮನೆ ನಮ್ಮದು, ಮೇಲಿನದು ಕಾಕುವಿನದು. ಆಕೆಯೂ ನಮ್ಮ ಗದಗದ ಕಡೆಯವಳೇ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು, ಮರಾಠಿ ಬಾರದು, ಹಿಂದಿ ಬಾರದು, ಕಾಯಿಪಲ್ಯೆ ಮಾರುವವಳ ಎದುರು ನಿಂತರೂ ನಾಲಿಗೆ ಒಣಗುತ್ತಿತ್ತು. ಕಾಕು ನನ್ನ ಬಾಯಾದಳು. ನಿಮ್ಮ ಅಮ್ಮ ಹುಟ್ಟಿದಾಗ ನಲವತ್ತು ದಿನ ಬಾಣಂತನ ಮಾಡಿದವಳೂ ಅವಳೇ. ಅದನ್ನು ಸುಳ್ಳು ಎನ್ನಲಾರೆ.

ಅವಳ ಮನೆಯಲ್ಲಿ ಗೇಣುದ್ದದ ಹಿತ್ತಾಳೆಯ ದೇವಿ ಇತ್ತು. ಪ್ರತಿ ಶುಕ್ರವಾರ ಸಂಜೆ ಕಾಲನಿಯ ಹೆಂಗಸರು ಅಲ್ಲಿ ಹೂವು ಕೇಳಲು ಸೇರುತ್ತಿದ್ದರು. ದೇವಿಯ ಎರಡೂ ಭುಜಕ್ಕೆ ಒಂದೊಂದು ಒದ್ದೆ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಬೇಕು. ಬಲಗಡೆಯ ಎಸಳು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಮಗನನ್ನು ಯಾವ ಶಾಲೆಗೆ ಹಾಕುವುದು, ತವರಿಗೆ ಯಾವಾಗ ಹೋಗುವುದು, ಎಲ್ಲದಕ್ಕೂ ಹೂವು. ಎಸಳು ಅಂಟಿಸುವವಳು ಕಾಕು ಒಬ್ಬಳೇ.

ಶನಿವಾರ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಮೂರ್ತಿ ತಿಕ್ಕುವ ಕೆಲಸ ನನ್ನದು. ಅದನ್ನು ನನಗೆ ಸಿಕ್ಕ ಪುಣ್ಯ ಎಂದುಕೊಂಡಿದ್ದೆ. ತಿಕ್ಕುವಾಗ ಬೆರಳಿಗೆ ಅಂಟು ಹತ್ತುತ್ತಿತ್ತು. ಒಂದು ವಾರ ಎಡಭುಜದಲ್ಲಿ, ಒಂದು ವಾರ ಬಲಭುಜದಲ್ಲಿ. ಮೇಣ ಹಚ್ಚಿದ ಕಡೆಯ ಎಸಳು ಬೀಳುವುದಿಲ್ಲ, ಇನ್ನೊಂದು ಕಡೆಯದು ಬೀಳುತ್ತದೆ. ಇದು ತಿಳಿಯಲು ಏಳನೆಯ ಇಯತ್ತೆಯೂ ಬೇಕಿಲ್ಲ. ನನ್ನ ಬೆರಳಿಗೆ ತಿಳಿದಿತ್ತು. ನಾನೇ ಬೆರಳಿಗೆ ಹೇಳಿದೆ, ದೇವಿಯ ಹಣೆಯ ಮೇಣ ಇಳಿದು ಬಂದಿರಬೇಕು, ನಿನಗೇನು ತಿಳಿಯುತ್ತದೆ, ಸುಮ್ಮನಿರು ಎಂದು.

ನಿಮ್ಮ ಅಮ್ಮನಿಗೆ ಆರು ವರ್ಷವಾಗಿದ್ದಾಗ ಎಡಗಿವಿ ಸೋರತೊಡಗಿತು. ಜ್ವರ ಬಂತು. ಕಿವಿಯ ಹಿಂದೆ ಬಾತುಕೊಂಡಿತು. ನನ್ನೊಳಗೆ ಯಾರೋ ಕೂಗುತ್ತಿದ್ದರು, ಇಂದೇ ಊರೊಳಗಿನ ದೊಡ್ಡ ಡಾಕ್ಟರ ಹತ್ತಿರ ಒಯ್ಯಿ ಎಂದು. ನಿಮ್ಮ ಅಜ್ಜ ಪಾಳಿಗೆ ಹೊರಟಿದ್ದರು. "ಕಾಕುನ್ನ ಒಂದ್ಮಾತ ಕೇಳು" ಅಂದರು.

ಅಂದು ಶುಕ್ರವಾರ. ಡಾಕ್ಟರ ಹತ್ತಿರ ಒಯ್ಯಬೇಕೇ ಎಂದು ಕಾಕು ಹೂವು ಕೇಳಿದಳು. ಎಡಗಡೆಯದು ಬಿತ್ತು.

"ದೇವಿ ಬ್ಯಾಡ ಅಂದಳ ನೋಡು ತಂಗಿ. ಹುಣ್ಣಿವಿ ತನಕ ಬಳ್ಳೊಳ್ಳಿ ಎಣ್ಣಿ ಬಿಡು. ಇಷ್ಟಕ್ಕ ಯಾಕ ಗಾಬರಿ ಆಗ್ತಿ?"

"ಬಾತದರಿ ಕಾಕು..."

"ನಾಕು ಮಕ್ಕಳನ್ನ ಹಡದಾಕಿ ನಾನು. ನಿನಗ ಜಾಸ್ತಿ ಗೊತ್ತೇನು?"

ಮರುದಿನ ಮೂರ್ತಿ ತಿಕ್ಕಿದೆ. ಬಲಭುಜದಲ್ಲಿ ಅಂಟು ಇತ್ತು. ತಿಕ್ಕಿ ತೊಳೆದು ಒರೆಸಿ ಇಟ್ಟು, ಮನೆಗೆ ಬಂದು ಮಗುವಿನ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟೆ.

ಹನ್ನೆರಡನೆಯ ದಿನ ಮಗು ಎಚ್ಚರ ತಪ್ಪಿತು. ಆಗ ಯಾರನ್ನೂ ಕೇಳಲಿಲ್ಲ. ಎತ್ತಿಕೊಂಡು ಬಸ್ಸು ಹತ್ತಿದೆ. ಹೋದವರ ಬಂದವರ ಎದುರು ಕೈಸನ್ನೆ ಮಾಡುತ್ತ, ಅಳುತ್ತ ಆಸ್ಪತ್ರೆ ಹುಡುಕಿದೆ. ಕಿವಿಯ ಹಿಂದೆ ಕೊಯ್ದರು, ಜೀವ ಉಳಿಯಿತು. ಕಿವಿ ಹೋಯಿತು. "ಇತಕೆ ದಿವಸ ಕುಠೆ ಹೋತಾ?" ಎಂದು ಡಾಕ್ಟರು ಕೇಳಿದರು. ಇಷ್ಟು ದಿನ ಎಲ್ಲಿದ್ದಿರಿ ಎಂಬ ಆ ಮಾತು ನನಗೆ ಸರಿಯಾಗಿ ಅರ್ಥವಾದ ಮೊದಲ ಮರಾಠಿ. ಮನೆಯಲ್ಲೇ ಇದ್ದೆ.

ಕಾಕು ನೋಡಲು ಬಂದಳು. ಮಗುವಿನ ತಲೆ ಸವರಿ, "ದೇವಿ ಜೀವಾ ಉಳಿಸಿದಳು" ಅಂದಳು. ಇದನ್ನು ಅವಳಿಗೆ ತಿರುಗಿಸಿಯೇ ಕೊಡಬೇಕು ಎಂದು ಅಂದೇ ನಿಶ್ಚಯಿಸಿದೆ. ಸಿಟ್ಟನ್ನು ಮಾತಿನಲ್ಲಿ ಚೆಲ್ಲಲಿಲ್ಲ. ಶನಿವಾರ ಶನಿವಾರ ಹೋಗಿ ಮೂರ್ತಿ ತಿಕ್ಕಿದೆ. ಎರಡು ವರ್ಷ ಕಾದೆ.

ಆಕೆಯ ಗಂಡ ನಿವೃತ್ತರಾಗುವ ಹೊತ್ತು ಬಂತು. ಕಾಕಾಗೆ ಊರಿಗೆ ಹೋಗುವ ಆಸೆ. ಕಾಕುವಿಗೆ ನಾಗಪುರ ಬಿಡುವ ಮನಸ್ಸಿಲ್ಲ. ಹತ್ತು ಹನ್ನೆರಡು ಹೆಂಗಸರು ಕೈಮುಗಿದು ಕೂಡುವ ಜಾಗ ಊರಲ್ಲಿ ಎಲ್ಲಿ ಸಿಕ್ಕೀತು? ಶುಕ್ರವಾರ ಎಲ್ಲರೆದುರು ದೇವಿಯನ್ನೇ ಕೇಳೋಣ ಎಂದಳು. ಅಂದು ಕಾಕಾ ಕೂಡ ಬಂದು ಗೋಡೆಗೊರಗಿ ಕೂತರು.

"ಕಾಕು ಹೋದರ ಸಾರಿಗೆ ಉಪ್ಪು ಎಷ್ಟು ಹಾಕಬೇಕಂತ ನಮಗ ಯಾರು ಹೇಳಾವ್ರು?" ಎಂದು ಒಬ್ಬಳು ನಗೆಯಾಡಿದಳು. ಎಲ್ಲರೂ ನಕ್ಕರು. ಕಾಕು ನೀರು ತರಲು ಒಳಗೆ ಹೋದಳು. ದೀಪದ ಬತ್ತಿ ಸರಿಪಡಿಸುವ ನೆಪದಲ್ಲಿ ನಾನು ಬಾಗಿದೆ. ಎಣಿಸಿದಂತೆಯೇ ಎಡಭುಜಕ್ಕೆ ಮೇಣ ಹಚ್ಚಿಟ್ಟಿದ್ದಳು. ಸೆರಗಿನಿಂದ ಒರೆಸಿದೆ. ಉಗುರಿನಲ್ಲಿ ತಂದಿದ್ದ ಮೇಣವನ್ನು ಬಲಭುಜಕ್ಕೆ ಹಚ್ಚಿದೆ.

"ತಾಯೀ, ಇಲ್ಲೇ ಇರಲೇನು?" ಎಂದು ಕೇಳಿದಳು ಕಾಕು.

ಎಡಗಡೆಯ ಎಸಳು ಬಿತ್ತು.

"ಬರೋಬರ್! ದೇವಿ ನನ್ನ ಕಡೆ ಅದಾಳ. ಚಲೋ, ಗಂಟು ಕಟ್ಟು ಇನ್ನ" ಎಂದು ಕಾಕಾ ತೊಡೆ ತಟ್ಟಿದರು. ಕಾಕು ಬಲಭುಜದ ಎಸಳನ್ನು ಮೆಲ್ಲಗೆ ಎತ್ತಿದಳು, ಕೆಳಗೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕಣ್ಣು ಕೆಳಗೆ ಮಾಡಲಿಲ್ಲ. ಮೇಣ ಎಂದು ಕೂಗಬೇಕಾದರೆ ಮೊದಲು ತನ್ನ ಮೇಣ ಒಪ್ಪಬೇಕು. ಎಸಳನ್ನು ಮತ್ತೆ ಅಲ್ಲೇ ಅಂಟಿಸಿದಳು. ಆ ಮುಖ ನೆನೆದರೆ ನನ್ನ ಬಾಯಿ ಇಂದಿಗೂ ಸಿಹಿಯಾಗುತ್ತದೆ.

ಹೊರಡುವ ದಿನ ಮೆಟ್ಟಿಲ ಮೇಲೆ ನಿಂತು, "ಕೈ ಚಲೋ ಪಳಗೇತಿ ತಂಗಿ" ಅಂದಳು.

"ಮಗಳ ಕಿವಿ ಹೋದಮ್ಯಾಲ ಪಳಗೇತ್ರಿ" ಅಂದೆ.

ದೇವಿಯ ಹೆಸರಿನಲ್ಲಿ ನೀನೂ ಅದೇ ಮೋಸ ಮಾಡಿದೆಯಲ್ಲ ಎಂದು ನೀವು ಕೇಳಬಹುದು. ಮಾಡಿದೆ. ಆದರೆ ಅದರ ನಂತರ ಯಾವ ದೇವರನ್ನೂ ಹೂವು ಕೇಳಿಲ್ಲ. ದಿನಾ ದೀಪ ಹಚ್ಚಿ ಕೂಡುತ್ತೇನೆ, ಏನನ್ನೂ ಕೇಳುವುದಿಲ್ಲ. ಕೂತಷ್ಟು ಹೊತ್ತಿನಲ್ಲಿ ಒಳಗಿನ ಗದ್ದಲ ಅಡಗುತ್ತದೆ, ನನಗೆ ಮೊದಲೇ ತಿಳಿದದ್ದು ಯಾವುದೋ ಅದು ಮೇಲೆ ಬರುತ್ತದೆ. ಎದ್ದು ಅದನ್ನು ಮಾಡುತ್ತೇನೆ. ನನ್ನ ಭಕ್ತಿ ಇಷ್ಟೇ.

ಆಷಾಢದಲ್ಲಿ ಊರಿನಿಂದ ಫೋನು ಬಂತು. ಕಾಕು ತೀರಿಕೊಂಡಳಂತೆ. ನಿಮ್ಮ ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನಾನು ಅಳಲಿಲ್ಲ. ಸಂತೋಷವಾದೀತು ಎಂದುಕೊಂಡಿದ್ದೆ, ಅದೂ ಆಗಲಿಲ್ಲ... ಇಷ್ಟು ವರ್ಷ ಆ ಕಿವಿಯ ಪಾಪವನ್ನೆಲ್ಲ ಅವಳ ತಲೆಯ ಮೇಲೆ ಹೊರಿಸಿ ಹಗುರಾಗಿದ್ದೆ. ಹೊತ್ತವಳೇ ಹೋದಳು. ಮೇಣದ ಸಂಗತಿ ತಿಳಿದವರು ಲೋಕದಲ್ಲಿ ಇನ್ನು ನಾನೊಬ್ಬಳೇ.

ಮೊನ್ನೆ ಭಾನುವಾರ ನಿಮ್ಮ ಅಮ್ಮ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನು ಹೋಗಿ ಅವಳ ಎಡಕ್ಕೆ ಕೂತೆ. "ನಿನ್ನ ಕಿವಿಗೆ ಹೂವು ಕೇಳಿದ್ದು ಸುಳ್ಳಂತ ನನಗ ಗೊತ್ತಿತ್ತವ್ವಾ" ಅಂದೆ.

"ಏನಂದಿ? ಕೇಳಸಲಿಲ್ಲ" ಎಂದು ಅವಳು ತಲೆ ತಿರುಗಿಸಿದಳು.

ಏನಿಲ್ಲ ಎನ್ನಬಹುದಿತ್ತು. ಎದ್ದು, ಸುತ್ತಿ ಬಂದು, ಬಲಕ್ಕೆ ಕೂತು ಮತ್ತೊಮ್ಮೆ ಹೇಳಿದೆ.

ಅವಳು ಸಿವುಡು ಮುಗಿಯುವವರೆಗೂ ಸೊಪ್ಪು ಬಿಡಿಸಿದಳು. ಆಮೇಲೆ ಎದ್ದು ಒಳಗೆ ಹೋದಳು. ಆವತ್ತಿನಿಂದ ನೀವು ಕೇಳುತ್ತಿದ್ದೀರಿ, "ಆಜೀ, ಅಮ್ಮ ನಿನ್ನ ಜೋಡಿ ಯಾಕ ಮಾತಾಡವಲ್ಲಳು?"

ಇದಕ್ಕೆ. ಅವಳನ್ನು ಒತ್ತಾಯ ಮಾಡಬೇಡಿ. ಎಷ್ಟು ದಿನ ಬೇಕೋ ಅಷ್ಟು ದಿನ ಸಿಟ್ಟಿನಲ್ಲಿರಲಿ, ಆ ಸಿಟ್ಟು ಅವಳದು. ನಾನು ದಿನಾ ಹೋಗಿ ಅವಳ ಬಲಕ್ಕೇ ಕೂಡುತ್ತೇನೆ.