ಬಕ್ವಿ ಎಂದರೆ ತಾಟು ಸರಿಸಬೇಕು

ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಪೇಪರು ತೆಗೆದು ಹೊಸದು ಹಾಸುತ್ತೇನೆ. ಡಾಂಬರುಗುಳಿಗೆಯ ವಾಸನೆ ಮೂಗಿಗೆ ಹತ್ತುತ್ತದೆ, ಎರಡು ಸೀನು ಬರುತ್ತವೆ, ಆಮೇಲೆ ಪರದೇಶಕ್ಕೆ ಬರೆದ ಆ ನೀಲಿ ಏರೋಗ್ರಾಂ ಕಾಗದ ಕಾಣುತ್ತದೆ. ಪ್ರತಿವರ್ಷ ಅದನ್ನು ನೋಡದವಳ ಹಾಗೆ ಹೊಸ ಪೇಪರಿನ ಅಡಿಗೆ ಸರಿಸಿಬಿಡುತ್ತಿದ್ದೆ. ಈ ಸಲ ಕೈಯಲ್ಲಿ ಹಿಡಿದು ಕೂತೆ. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಮೊದಲು ನೀವು ನನ್ನ ಜೊತೆ ಮುಂಬಯಿಯ ಈ ಮುಲುಂಡಿನ ಬ್ಲಾಕು ಬಿಟ್ಟು, ಬಾಂದ್ರಾದ ನಮ್ಮ ಹಳೆಯ ಚಾಳಿಗೆ ಬರಬೇಕು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಎರಡನೇ ಮಾಳಿಗೆಯಲ್ಲಿ ನಮ್ಮದು ಕೊನೆಯ ಖೋಲಿ, ಪಕ್ಕದ್ದು ವಾಸಣ್ಣನದು. ಕರಾವಳಿಯವನು, ಹಡಗಿನಲ್ಲಿ ಅಡುಗೆಯವನು. ಹತ್ತು ತಿಂಗಳು ಸಮುದ್ರದಲ್ಲಿ, ಎರಡು ತಿಂಗಳು ಚಾಳಿನಲ್ಲಿ. ಹೆಂಡತಿ ಕಲ್ಯಾಣಿ, ಮಗಳು ಶೈಲಾ. ವಾಸಣ್ಣ ಬಂದನೆಂದರೆ ಸಂಜೆ ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ಕಥೆ ಶುರು.

ಅವನ ಕ್ಯಾಬಿನ್ನಿನ ಜೊತೆಗಾರ ಫಿಲಿಪೈನ್ಸಿನ ಸೆಬು ದ್ವೀಪದವನು. ಇಬ್ಬರಿಗೂ ದಿನಾ ಜಗಳ. "ಅವರ ಭಾಷೆಯಲ್ಲಿ ಎಂತೆಂಥ ಶಬ್ದ ಉಂಟು ಗೊತ್ತುಂಟಾ ಅಕ್ಕ?" ಎನ್ನುತ್ತಿದ್ದ. "ಕೊಟ್ಟ ವಸ್ತು ವಾಪಸು ತಗೊಂಡ್ರೆ 'ಬಾವಿ' ಅಂತಾರೆ. ಆಡಿದ ಮಾತು ವಾಪಸು ತಗೊಂಡ್ರೆ 'ಬಕ್ವಿ'. ಮಾತಿಗೇ ಬೇರೆ ಶಬ್ದ!"

"ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರತದೇನೋ?" ಎಂದೆ. "ನಮ್ಮ ಕಡೆ ಮಾತು ಆಡಿದರ ಹೋತು, ಮುತ್ತು ಒಡೆದರ ಹೋತು."

"ನಮ್ಮ ಹಡಗಲ್ಲಿ ಬರ್ತದೆ" ಎಂದು ನಕ್ಕ. ಅದು ಇಬ್ಬರೇ ಮಾಡಿಕೊಂಡ ಕಾನೂನು. ಬೈದವನು ಮುಂದಿನ ಊಟದೊಳಗೆ 'ಬಕ್ವಿ' ಅನ್ನಬೇಕು. ಅಂದಮೇಲೆ ಬೈಸಿಕೊಂಡವನು ಎದುರುಮಾತಾಡುವ ಹಾಗಿಲ್ಲ. ತನ್ನ ತಾಟನ್ನು ಮುಂದೆ ಸರಿಸಬೇಕು, ಬೈದವನು ಅದರಿಂದ ಒಂದು ತುತ್ತು ತಿನ್ನಬೇಕು. ಅಲ್ಲಿಗೆ ಮುಗಿಯಿತು. ಎಂಜಲು ಎಂದು ನಾನು ಮುಖ ಸಿಂಡರಿಸಿದೆ. ಧಾರವಾಡದಿಂದ ನಾನು ತಂದದ್ದು ಎರಡೇ ಆಸ್ತಿ, ಮಡಿ ಮತ್ತು ಮುತ್ತಿನಂಥ ಅಕ್ಷರ. ಮಡಿ ಚಾಳಿನ ನಲ್ಲಿಯ ಸಾಲಿನಲ್ಲಿ ಬೇಗ ಹೋಯಿತು. ಅಕ್ಷರದ ಜಂಬ ಉಳಿಯಿತು.

ಕಲ್ಯಾಣಿಗೆ ಬರೆಯಲು ಬರುತ್ತಿರಲಿಲ್ಲ. ಅವಳ ಕಾಗದಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆಯಲು ನನ್ನ ಕೈ ಒಪ್ಪುತ್ತಿರಲಿಲ್ಲ. ತಿದ್ದುತ್ತಿದ್ದೆ, ತೊಳೆಯುತ್ತಿದ್ದೆ, ಎರಡು ಒಳ್ಳೆಯ ಶಬ್ದ ಹಾಕುತ್ತಿದ್ದೆ. ಅವಳ ಮಾತಿನ ರೀತಿ ಚಾಳಿಗೆಲ್ಲ ಗೊತ್ತಿತ್ತು. "ನಾಳೆಯಿಂದ ನಿನ್ನ ಮುಖ ನೋಡ್ಲಿಕ್ಕಿಲ್ಲ" ಎಂದು ಭಾಜಿವಾಲಾನಿಗೆ ಬೈದವಳು ಮರುದಿನ ಅವನ ಬುಟ್ಟಿಯಿಂದಲೇ ಬೆಂಡೆಕಾಯಿ ಮುರಿದು ನೋಡುತ್ತಿದ್ದಳು. ಅವನೂ ನಗುತ್ತಿದ್ದ.

ಒಂದು ಬೆಳಿಗ್ಗೆ ವಾಸಣ್ಣನ ಕಾಗದ ಬಂತು, ಇನ್ನೂ ಆರು ತಿಂಗಳು ಹಡಗಿನಲ್ಲೇ ಇರುತ್ತೇನೆ ಎಂದು. ಸತತ ಮೂರನೇ ದೀಪಾವಳಿ ಅವನಿಲ್ಲದೆ. ಕಲ್ಯಾಣಿ ಕೆಂಡವಾಗಿ ಬಂದು ಕೂತಳು. "ಬರೀರಿ ಅಕ್ಕ. ಬರ್ಲಿಕ್ಕೆ ಆಗದಿದ್ರೆ ಬರೋದೇ ಬೇಡ ಅಂತ ಬರೀರಿ. ಅಲ್ಲೇ ಮೀನಿನ ಜೊತೆ ಸಂಸಾರ ಮಾಡ್ಲಿ ಅಂತ ಬರೀರಿ!"

ಮೀನಿನ ಮಾತು ನನಗೆ ಅಗ್ಗವೆನಿಸಿತು. ಬಿಟ್ಟೆ. ಬದಲಿಗೆ ಬರೆದೆ: "ಈ ಮನೆಯ ಬಾಗಿಲು ಇಂದಿನಿಂದ ನಿಮ್ಮ ಪಾಲಿಗೆ ಮುಚ್ಚಿದೆ. ನಮ್ಮ ಋಣ ಇಲ್ಲಿಗೆ ಮುಗಿಯಿತೆಂದು ತಿಳಿಯಿರಿ." ಓದಿ ಹೇಳಿದಾಗ ಅವಳು ಮೂಗು ಒರೆಸಿಕೊಂಡು "ಹೌದು, ಹಾಗೇ" ಎಂದಳು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ನಾನೇ ಹೋಗಿ ಡಬ್ಬಿಗೆ ಹಾಕಿ ಬಂದೆ.

ಮಧ್ಯಾಹ್ನ ಅವಳು ಮತ್ತೆ ಬಂದಳು. "ಅಕ್ಕ, ಆ ಕಾಗದ ಹಾಕ್ಬೇಡಿ ಆಯ್ತಾ."

ಇಬ್ಬರೂ ಓಡಿದೆವು. ಪೋಸ್ಟ್‌ಮನ್ ಆಗಲೇ ಡಬ್ಬಿ ತೆರೆದು ಚೀಲ ತುಂಬುತ್ತಿದ್ದ. ನೀಲಿ ಅಂಚು ನನಗೆ ಕಾಣುತ್ತಿತ್ತು. "ಬಾಯಿ, ಎಕ್ದಾ ಡಬ್ಯಾತ್ ಪಡ್ಲಂ ಕೀ ತೇ ಸರ್ಕಾರ್ಚಂ" ಎಂದ. ಡಬ್ಬಿಗೆ ಬಿದ್ದಮೇಲೆ ಸರಕಾರದ್ದು. ಚೀಲದ ಬಾಯಿ ಕಟ್ಟಿ ಸೈಕಲ್ ಹತ್ತಿದ. ತಂತಿ ಕಳಿಸೋಣವೆಂದರೆ ಕಲ್ಯಾಣಿ ಒಪ್ಪಲಿಲ್ಲ: "ಕ್ಯಾಪ್ಟನ್ ಓದ್ತಾರೆ. ಇವರ ಮರ್ಯಾದೆ ಹೋಗ್ತದೆ."

ಅಂದೇ ಎರಡನೆಯ ಕಾಗದ ಬರೆದೆವು. ಅವಳು ಹೇಳಿದ್ದು ಒಂದೇ ಮಾತು. ಏರೋಗ್ರಾಮಿನ ನಟ್ಟನಡುವೆ ದೊಡ್ಡದಾಗಿ 'ಬಕ್ವಿ' ಎಂದು ಬರೆದೆ. ಅದೊಂದನ್ನು ನಾನು ತಿದ್ದಲಿಲ್ಲ.

ವಾಸಣ್ಣ ಬರಲಿಲ್ಲ. ಆರು ತಿಂಗಳು ಕಳೆದು ಮತ್ತೆ ಆರಾಯಿತು. ಆಮೇಲೆ ಅದೇ ಹಡಗಿನ ಒಬ್ಬ ಖಲಾಸಿ ಅವನ ಶೇವಿಂಗ್ ಡಬ್ಬಿ ಮತ್ತು ಕಲ್ಯಾಣಿಗೆಂದು ತೆಗೆದಿಟ್ಟಿದ್ದ ಒಂದು ಸೀರೆ ತಂದುಕೊಟ್ಟ. ಯಾವುದೋ ಬಂದರಿನಲ್ಲಿ ವಾಸಣ್ಣ ಇಳಿದುಬಿಟ್ಟನಂತೆ, ಸೆಬುವಿನ ಗೆಳೆಯನ ಜೊತೆ ಹೋದನೆಂದು ಕೆಲವರು ಅನ್ನುತ್ತಿದ್ದರಂತೆ.

"ಕಾಗದ ಕಿಸೆಯಲ್ಲೇ ಇಟ್ಕೊಂಡಿದ್ದ" ಎಂದ ಖಲಾಸಿ. "ಬಾಯಲ್ಲಿ ಬೈದಿದ್ರೆ ನಗಾಡ್ತಿದ್ದೆ ಮಾರಾಯ, ಅವಳು ಬೈಯೋದು ನಂಗೆ ಹೊಸತಲ್ಲ ಅಂತಿದ್ದ. ಆದ್ರೆ ಇಷ್ಟು ಶುದ್ಧವಾಗಿ ಬರೆಸಿದ್ದಾಳೆ ಅಂದ್ರೆ ಯೋಚನೆ ಮಾಡಿಯೇ ಬರೆಸಿದ್ದಾಳೆ, ಅಂತ."

ಎರಡನೆಯ ಕಾಗದದ ಬಗ್ಗೆ ಅವನಿಗೆ ಗೊತ್ತಿರಲಿಲ್ಲ. ಕಲ್ಯಾಣಿ ಸೀರೆಯ ಮಡಿಕೆ ಸರಿಮಾಡುತ್ತ, "ಅಕ್ಕನ ಅಕ್ಷರ ಚಂದ ಅಲ್ವಾ" ಎಂದಳು. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅದಾಗಿ ನಾಲ್ಕು ತಿಂಗಳಿಗೆ ಎರಡನೆಯ ಕಾಗದ ವಾಪಸು ಬಂತು. ಮೈತುಂಬ ಪರದೇಶದ ಅಂಚೆ ಠಸ್ಸೆಗಳು, ಹಡಗಿನ ಹಿಂದೆ ಬಂದರು ಬಂದರು ಅಲೆದು ಅವನಿಗೆ ಸಿಗದೆ ಬಂದದ್ದು, ಬಿಡಿಸಿರಲೇ ಇಲ್ಲ. ಕಳಿಸಿದವರ ವಿಳಾಸದಲ್ಲಿ ಯಾವಾಗಲೂ ನನ್ನ ಖೋಲಿಯ ನಂಬರೇ ಹಾಕುತ್ತಿದ್ದೆ, ಹಾಗಾಗಿ ನನ್ನ ಕೈಗೇ ಬಂತು. ಗೋಡೆಯಾಚೆ ಕಲ್ಯಾಣಿ ಶೈಲಾಳಿಗೆ ಹೇಳುವುದು ಕೇಳುತ್ತಿತ್ತು: "ಎರಡನೇದು ಸಿಕ್ಕಿದ ಕೂಡ್ಲೆ ಬರ್ತಾರೆ ನೋಡು ಅಪ್ಪ." ಅವಳು ಅದೊಂದನ್ನೇ ಹಿಡಿದುಕೊಂಡು ನಿಂತಿದ್ದಳು. ಕೊಟ್ಟರೆ ಬೀಳುತ್ತಾಳೆಂದು ಟ್ರಂಕಿಗೆ ಹಾಕಿದೆ. ನಾಳೆ ಕೊಡುತ್ತೇನೆ, ಹಬ್ಬ ಕಳೆಯಲಿ, ಶೈಲಾಳ ಪರೀಕ್ಷೆ ಮುಗಿಯಲಿ. ನಾವು ಚಾಳು ಬಿಟ್ಟೆವು. ಕೊಡಲಿಲ್ಲ. ಕೊಟ್ಟಿದ್ದರೆ ಅವಳು ಮೂರನೆಯದು ಬರೆಸುತ್ತಿದ್ದಳೋ, ಯಾರನ್ನಾದರೂ ಹುಡುಕಲು ಕಳಿಸುತ್ತಿದ್ದಳೋ. ತಲುಪಿರಬಹುದು ಎಂದುಕೊಂಡವಳು ಸುಮ್ಮನೆ ಕಾಯುತ್ತಾಳೆ, ಅಷ್ಟೇ.

ಕಳೆದ ವಾರ ಶೈಲಾಳ ಕಾರ್ಡು ಬಂತು. ಮುಂಬಯಿಯಲ್ಲಿ ಬೆಳೆದ ಹುಡುಗಿ, ನಾಲ್ಕು ಸಾಲಿನಲ್ಲಿ ಆರು ತಪ್ಪು. ಅಮ್ಮ ಹೋದಳು, ಕೊನೆಯ ದಿನ ಕೂಡ ಎರಡನೇ ಕಾಗದ ಸಿಕ್ಕಿತೋ ಏನೋ ಅಂತಿದ್ದಳು, ಎಂದು ಬರೆದಿದ್ದಾಳೆ. ಒಂದು ತಪ್ಪನ್ನೂ ತಿದ್ದಲು ಮನಸ್ಸಾಗಲಿಲ್ಲ. ಉತ್ತರ ಬರೆಯಲು ಪೆನ್ನು ತೆಗೆದು ಒಂದು ಸಾಲು ಬರೆದೆ. ನನ್ನ ಅಕ್ಷರ ನೋಡಿ ನನಗೇ ಹೇಸಿಗೆಯಾಯಿತು, ಮುಚ್ಚಿಟ್ಟೆ.

ಇವತ್ತು ಹೊಸ ಪೇಪರು ಹಾಸಿ ಟ್ರಂಕು ಮುಚ್ಚಿದೆ. ನೀಲಿ ಕಾಗದ ಒಳಗೆ ಹೋಗಲಿಲ್ಲ, ಅಡುಗೆಮನೆಯ ಕಟ್ಟೆಯ ಮೇಲಿದೆ. ಯಾರಿಗೆ ಕೊಡಲಿ? ಯಜಮಾನರು ಊಟಕ್ಕೆ ಕೂತಿದ್ದರು. ಅನ್ನ ಬಡಿಸುತ್ತ, ನನಗೇ ತಿಳಿಯದಂತೆ, 'ಬಕ್ವಿ' ಅಂದುಬಿಟ್ಟೆ.

"ಏನಂದಿ?" ಎಂದರು.

"ಏನಿಲ್ಲರಿ."

ಅವರು ತಾಟನ್ನು ತಮ್ಮ ಕಡೆಗೆ ಎಳೆದುಕೊಂಡು ಉಣ್ಣತೊಡಗಿದರು.